ಹಗ್ಗದಾಚೆಯ ಹಂಪಕ್ಕ

ಹಂಪಕ್ಕನ ನೆನಪಾದರೆ ನನಗೆ ಅಳು ಬರುವುದಿಲ್ಲ, ಮೈ ಉರಿಯುತ್ತದೆ. ನಮ್ಮಣ್ಣನ ಮೇಲೆ, ಅತ್ತಿಗೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಅಂದು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ ಹದಿನಾರು ವರ್ಷದ ನನ್ನ ಮೇಲೆ.

ಆಕೆ ಕರೂರಿನ ಕೇರಿಯವಳು. ಗಂಡ ಸತ್ತ ಮೇಲೆ ನಮ್ಮೂರು ಸಿರುಗುಪ್ಪಕ್ಕೆ ಬಂದು ಅಕ್ಕಿ ಗಿರಣಿಯಲ್ಲಿ ಮೊರ ಹಿಡಿದು ನುಚ್ಚು ಕೇರುತ್ತಿದ್ದಳು. ಸಣ್ಣವಳಿದ್ದಾಗಿನಿಂದ ವರ್ಷವರ್ಷವೂ ಆದೋನಿ ಕಡೆ ಹತ್ತಿ ಬಿಡಿಸಲು ಹೋಗಿ ತೆಲುಗು ಕಲಿತಿದ್ದಳು. ಬಾಯಿ ಬಲು ಜೋರು. ಗಿರಣಿಯ ಮೇಸ್ತ್ರಿಯೂ ಆಕೆಯ ಹತ್ತಿರ ಅಳೆದು ಸುರಿದು ಮಾತಾಡುತ್ತಿದ್ದ.

೧೯೫೧ರ ಸಂಕ್ರಾಂತಿಯ ಹೊತ್ತಿಗೆ ನಮ್ಮಣ್ಣ ಮರಿಬಸಪ್ಪನ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬಿತ್ತು, ಸಿನಿಮಾ ತೆಲುಗಿನದು. ಬಯಲು ನಮ್ಮದಾದ್ದರಿಂದ ನಮಗೆ ಟಿಕೆಟ್ ಇಲ್ಲ. ಹೆಂಗಸರ ಕಡೆ ಹಿಂದುಗಡೆ ಒಂದು ಹಗ್ಗ ಕಟ್ಟಿದ್ದರು, ಕೇರಿಯ ಹೆಂಗಸರು ಅದರಾಚೆ ಕೂರಬೇಕು. ಅಸ್ಪೃಶ್ಯತೆ ಕಾನೂನಿನಲ್ಲಿ ಸತ್ತು ಒಂದು ವರ್ಷವಾಗಿತ್ತು. ಹಗ್ಗಕ್ಕೆ ಆ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ.

ನಮ್ಮತ್ತಿಗೆ ಚನ್ನವೀರಮ್ಮ ಗದಗಿನ ಕಡೆಯವಳು, ಮದುವೆಯಾಗಿ ನಾಲ್ಕು ತಿಂಗಳು. ತೆಲುಗಿನ ಗಂಧಗಾಳಿ ಇಲ್ಲ. ನಮಗಾದರೂ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಬರುತ್ತಿತ್ತು, ಸಿನಿಮಾದವರು ಅಳುತ್ತ ಗಡಗಡ ಆಡುವುದು ತಲೆಗೆ ಹತ್ತುತ್ತಿರಲಿಲ್ಲ. ಹಂಪಕ್ಕ ತನ್ನವರಿಗೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು. ಅತ್ತಿಗೆ ಸರಿಯುತ್ತ ಸರಿಯುತ್ತ ಹಗ್ಗದ ಪಕ್ಕಕ್ಕೇ ಬಂದು ಕೂತಳು.

"ಆಮ್ಯಾಕ ಏನಂದಳ್ರಿ, ಅಕ್ಕಾರ?"

"ಈಗ ಅಳಬ್ಯಾಡ್ರಿ ಅವ್ವಾರ, ಅಳೋದು ಇನ್ನಾ ಮುಂದೈತಿ."

ಕತೆ ಇಷ್ಟೇ. ಹೊಳೆ ಬಂದು ದಾರಿ ಕಟ್ಟಿದಾಗ ಒಬ್ಬ ಬಳೆಗಾರ ಸಾಬರವನೂ ಒಬ್ಬ ಬ್ರಾಹ್ಮಣ ವಿಧವೆಯೂ ಪಾಳು ಛತ್ರದಲ್ಲಿ ಮೂರು ದಿನ ಸಿಕ್ಕಿಬೀಳುತ್ತಾರೆ. ಆತನ ಬುತ್ತಿಯಲ್ಲೇ ಇಬ್ಬರೂ ಉಣ್ಣುತ್ತಾರೆ. ಹೊಳೆ ಇಳಿದ ಮೇಲೆ ಆಕೆಯನ್ನು ಕರೆದೊಯ್ಯಲು ಬಂದ ಮೈದುನ "ಇವನ್ಯಾರು?" ಎಂದು ಗದರುತ್ತಾನೆ. ಆಕೆ ಎಲ್ಲರೆದುರು "ನನ್ನಣ್ಣ" ಎನ್ನುತ್ತಾಳೆ. ಆಮೇಲೆ ಇಬ್ಬರೂ ಬೇರೆಬೇರೆ ದಾರಿ ಹಿಡಿಯುತ್ತಾರೆ, ಮತ್ತೆ ಸೇರುವುದಿಲ್ಲ. ಹಗ್ಗದ ಈಚೆಗೂ ಆಚೆಗೂ ಮೂಗು ಸೀಟುವ ಸದ್ದೇ ಸದ್ದು.

ಅತ್ತಿಗೆ ಅದನ್ನು ನಾಲ್ಕು ಸಲ ನೋಡಿದಳು, ನಾಲ್ಕು ಸಲವೂ ನಾದಿನಿ ನಾನು ಜೊತೆಗೆ. ಸಿನಿಮಾಕ್ಕಿಂತ ಅವರಿಬ್ಬರ ಮಾತೇ ಹೆಚ್ಚಾಯಿತು. ತವರು, ಸತ್ತ ಗಂಡ, ನಮ್ಮವ್ವನ ಗೊಣಗಾಟ, ಎಲ್ಲವೂ ಹಗ್ಗ ದಾಟಿ ಹೋಗಿಬಂದು ಮಾಡಿದವು. ನಮ್ಮ ಮನೆಯಲ್ಲಿ ಬಾಯಿ ಬಿಡದವಳು ಅಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ನಾಲ್ಕನೆಯ ದಿನ ಏಳುವಾಗ, "ನಾಳೆ ಮನಿಗೆ ಬರ್ರಿ," ಎಂದಳು.

ಕೇರಿಯವರು ನಮ್ಮ ಮನೆಗೆ ಬಂದರೆ ಹಿತ್ತಲ ಕಡೆ ದೂರ ನಿಂತು ಕೂಗಬೇಕು. ಅದು ಹಂಪಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಲವತ್ತು ವರ್ಷದಲ್ಲಿ ಅಂಥ ಮನೆಯವರು ಯಾರೂ ಆಕೆಗೆ 'ಬರ್ರಿ' ಅಂದಿರಲಿಲ್ಲ. ಹಾಗೆ ಕರೆದ ಮೇಲೆ ಮುಂಬಾಗಿಲಿಗೇ ಹೋಗಬೇಕೆಂದುಕೊಂಡಳು. ನೀರೆರೆದುಕೊಂಡು, ಕೆಂಪಂಚಿನ ಸೀರೆಯುಟ್ಟು, ಬಟ್ಟೆಯಲ್ಲಿ ಬಿಸಿಬಿಸಿ ಸೀತನಿ ಕಟ್ಟಿಕೊಂಡು ಬಂದಳು. ಎಳೆ ಜೋಳದ ತೆನೆ ಸುಟ್ಟು ಸೀತನಿ ಮಾಡುವ ಕಾಲವದು. ಅಣ್ಣ ಬಳ್ಳಾರಿಯ ಇಬ್ಬರು ವ್ಯಾಪಾರಸ್ಥರ ಜೊತೆ ಕಟ್ಟೆಯ ಮೇಲೆ ಕೂತಿದ್ದ. ಈಕೆ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಏನಬೇ, ಎಲ್ಲಿಗೆ ಏರಾಕ ಹತ್ತೀದಿ?"

"ಅವ್ವಾರು ಬರ್ರಿ ಅಂದಾರ್ರಿ, ಸಾವ್ಕಾರ. ಕೇಳ್ರಿ ಬೇಕಾದ್ರ."

ಅಣ್ಣ ಒಳಗೆ ಕೂಗಿದ. ಅತ್ತಿಗೆ ಹೊಸ್ತಿಲಿಗೆ ಬಂದಳು. ಹಂಪಕ್ಕ ಆಕೆಯ ಮುಖ ನೋಡಿ ನಕ್ಕಳು. ಒಂದು ಮಾತು ಸಾಕಿತ್ತು.

"ಯಾರೋ ಏನೋ," ಎಂದಳು ಅತ್ತಿಗೆ. "ನಾ ಈಕಿನ್ನ ನೋಡೇ ಇಲ್ಲ."

ನಾನು ಹಿಂದೆಯೇ ನಿಂತಿದ್ದೆ. ಸುಳ್ಳು ಎನ್ನಬಹುದಿತ್ತು. ಎನ್ನಲಿಲ್ಲ. ಹಂಪಕ್ಕ ಗಂಟು ಹಿಡಿದುಕೊಂಡೇ ಇಳಿದು ಹೋದಳು. ಅವ್ವ ಹೇಳಿದಳೆಂದು ಆ ಮೆಟ್ಟಿಲಿಗೆ ಸಗಣಿ ನೀರು ಹಾಕಿ ತಿಕ್ಕಿದವಳು ನಾನೇ. ಕೊರಳಲ್ಲಿ ಲಿಂಗ, ಬೆಳಗಾದರೆ ಕುಲವಿಲ್ಲ ಜಾತಿಯಿಲ್ಲ ಎಂಬ ಹಾಡು, ಕೈಯಲ್ಲಿ ಸಗಣಿ ನೀರು. ನಾಚಿಕೆಗೆಟ್ಟ ಮನೆ ನಮ್ಮದು!

ಎರಡು ದಿನ ಬಿಟ್ಟು ಡೇರೆ ಕುರುಗೋಡಿಗೆ ಹೊರಡುವುದಿತ್ತು. ಕಡೆಯ ಆಟಕ್ಕೆ ಅತ್ತಿಗೆ ನನ್ನನ್ನು ಎಳೆದುಕೊಂಡು ಹೋದಳು. ಹಗ್ಗದ ಪಕ್ಕ ಕೂತು ಮೆಲ್ಲಗೆ ಎರಡು ಸಲ "ಅಕ್ಕಾರ" ಎಂದಳು. ಹಂಪಕ್ಕ ತಿರುಗಲಿಲ್ಲ, ತನ್ನವರಿಗೆ ಎಂದಿನಂತೆ ಕತೆ ಹೇಳುತ್ತಾ ಹೋದಳು. ಪರದೆಯ ಮೇಲೆ ಮೈದುನ ಬಂದು ಗದರಿದಾಗ ದನಿ ಏರಿಸಿದಳು.

"ಆಕಿ ಅಂದಳು, ಯಾರೋ ಏನೋ, ನಾ ಇವನ್ನ ನೋಡೇ ಇಲ್ಲ ಅಂತ."

ಹೊಸದಾಗಿ ನೋಡಲು ಬಂದಿದ್ದ ಕೇರಿಯ ಹೆಂಗಸರು ಸಿಟ್ಟಿಗೆದ್ದರು. "ಥೂ, ಅವನ ಬುತ್ತಿ ಉಂಡು ಹಿಂಗಂದಳಾ? ಆಕಿ ಬಾಯಿಗೆ ಹುಳಾ ಬೀಳ್ಲಿ!"

"ಆಕಿ ಹಂಗ ಅಂದಿಲ್ರಿ!" ಅತ್ತಿಗೆ ತಡೆಯಲಾರದೆ ಕೂಗಿದಳು.

"ಅಂದಾಳ್ರಿ ಅವ್ವಾರ. ನಿಮ್ಮ ಮನಿ ಮೆಟ್ಲ ಮ್ಯಾಲೆ ನಿಂತು ಈ ಕಿವೀಲೇ ಕೇಳೀನಿ."

ಅಷ್ಟು ಹೇಳಿ ಎದ್ದು ಹೋದಳು. ನಮ್ಮ ಓಣಿಯ ಹೆಂಗಸರೆಲ್ಲ ತಿರುಗಿ ನೋಡಿದರು. "ಯಾರಬೇ ಆಕಿ? ನಿನಗ ಗೊತ್ತೇನು?" ಎಂದಳೊಬ್ಬಳು.

"ಗೊತ್ತು," ಎಂದಳು ಅತ್ತಿಗೆ, ಎಲ್ಲರಿಗೂ ಕೇಳುವಂತೆ. "ನನ್ನ ಗೆಣತಿ ಆಕಿ."

ಆ ಮಾತು ಮುಟ್ಟಿಸಲೆಂದು ಮರುದಿನ ಬೆಳಿಗ್ಗೆ ನಾನು ಗಿರಣಿಗೆ ಓಡಿದೆ. ಅಣ್ಣ ಮೇಸ್ತ್ರಿಗೆ ಹೇಳಿ ಹಿಂದಿನ ದಿನವೇ ಆಕೆಯನ್ನು ಕೆಲಸದಿಂದ ಬಿಡಿಸಿದ್ದ. ಬೆಳಗಿನ ಮೊದಲ ಬಸ್ಸಿಗೆ ಬಳ್ಳಾರಿಗೆ ಹೋದಳೆಂದರು. ಅಲ್ಲಿ ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ.