ಹರಕೆಯ ಬೆಕ್ಕುಗಳು

ಹೊಸದುರ್ಗದ ಸಂತೆಯಲ್ಲಿ ಒಣಮೀನು ಮಾರುವ ಚಂದ್ರಕ್ಕನಿಗೆ ಬೆಕ್ಕುಗಳೆಂದರೆ ಬಲು ಪ್ರೀತಿ ಎಂದು ಬೀದಿಯವರೆಲ್ಲ ನಂಬಿದ್ದರು. ಅವಳ ಬಾಯಿ ಕೇಳಿದವರು ಹಾಗೆ ನಂಬಬಾರದಿತ್ತು. ಬೆಳಿಗ್ಗೆ ಬಾಗಿಲು ತೆರೆದವಳೇ, "ಬಂದ್ರಾ ಮುಂಡೇವಾ, ಇನ್ನೂ ಸತ್ತಿಲ್ವಾ?" ಎಂದು ಮೀನಿನ ತಲೆಗಳನ್ನು ಎಸೆಯುತ್ತಿದ್ದಳು. ಬೆಕ್ಕುಗಳು ಬೈಗುಳ ಬಿಟ್ಟು ತಲೆಗಳನ್ನಷ್ಟೇ ಸ್ವೀಕರಿಸುತ್ತಿದ್ದವು. ಗಂಡ ತೀರಿಕೊಂಡ ಮೇಲೆ ಅವಳ ಮಾತಿಗೆ ಅಷ್ಟು ತಾಳ್ಮೆಯಿಂದ ಎದುರು ಕೂತವು ಅವು ಮಾತ್ರ.

ತಿಂದು ಸುಮ್ಮನಿದ್ದಿದ್ದರೆ ಯಾರ ತಕರಾರೂ ಇರಲಿಲ್ಲ. ಆದರೆ ತಿಂದದ್ದೆಲ್ಲ ಸಂಸಾರಕ್ಕೆ ಹೋಗುತ್ತಿತ್ತು. ಒಂದು ಹೆಣ್ಣು ಬೆದೆಗೆ ಬಂದರೆ ಸಾಕು, ಗಂಡುಗಳೆಲ್ಲ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಮುದ್ದಣ್ಣನ ತಾರಸಿ ಏರಿ, ಕೂಸಿನ ಕತ್ತು ಹಿಸುಕಿದಂತೆ ಅರಚುತ್ತಿದ್ದವು. ಗೆದ್ದದ್ದು ಸಂತೋಷಕ್ಕೆ, ಸೋತದ್ದು ಹೊಟ್ಟೆಯುರಿಗೆ, ಅಲ್ಲಿ ಒಣಹಾಕಿದ ಕೊಬ್ಬರಿಯ ಮೇಲೆ ಉಚ್ಚೆ ಹೊಯ್ದು ಇಳಿಯುತ್ತಿದ್ದವು.

"ಚಂದ್ರಕ್ಕ, ಹೇಳ್ಬಿಡ್ತೀನಿ," ಎಂದ ಮುದ್ದಣ್ಣ. "ಮುಂದಿನ ಅಮಾಸೆ ಕಳೀಲಿ, ಎಲ್ಲಾನೂ ಚೀಲಕ್ಕೆ ತುಂಬಿ ಹೊಳೆಯಾಚೆ ಬಿಟ್ಟು ಬರ್ತೀನಿ. ನೀರು ದಾಟಿದ ಬೆಕ್ಕು ವಾಪಸ್ ಬರಲ್ಲ."

"ಹೌದಾ? ಮೀನಾಕ್ಷಮ್ಮಂಗೆ ಹೇಳ್ತೀನಿ ತಡೀರಿ. ನಿಮ್ಮನ್ನೂ ಒಂದ್ಸಲ ದಾಟಿಸ್ಲಿ."

ಹೆಂಡತಿಯ ಹೆಸರು ಬಂದದ್ದಕ್ಕೆ ಅವನು ಗೊಣಗುತ್ತ ಒಳಗೆ ಹೋದ. ಚಂದ್ರಕ್ಕ ನಕ್ಕಳೇನೋ ನಿಜ, ಆದರೆ ಆ ದಿನ ಅವಳಿಗೆ ಅನ್ನ ಸೇರಲಿಲ್ಲ. ಹೊಳೆಯಾಚೆಯ ತೋಟಗಳಲ್ಲಿ ಕಾವಲು ನಾಯಿಗಳು. ಮೀನಿನ ತಲೆ ತಿಂದು ಬೆಳೆದ ಈ ಸೋಮಾರಿಗಳು ಅಲ್ಲಿ ಒಂದು ದಿನವೂ ಬಾಳುತ್ತಿರಲಿಲ್ಲ.

ಅವಳ ಬಳಿ ಒಣಸೀಗಡಿ ಕೊಳ್ಳಲು ಬರುತ್ತಿದ್ದ ಪಶುವೈದ್ಯೆ ತೇಜಸ್ವಿನಿ ದಾರಿ ಹೇಳಿದಳು. "ಹಿಡಿದು ತನ್ನಿ, ಆಪರೇಷನ್ ಮಾಡಿ ಕೊಡ್ತೀನಿ. ಮರಿ ಇಲ್ಲ, ಕಾದಾಟ ಇಲ್ಲ, ಆ ನಾತಾನೂ ಕಡಿಮೆ." ಎರಡು ಕಬ್ಬಿಣದ ಬೋನುಗಳನ್ನೂ ಕೊಟ್ಟಳು. ಒಳಗೆ ಕಾಲಿಟ್ಟರೆ ಬಾಗಿಲು ತಾನೇ ಬೀಳುತ್ತಿತ್ತು.

ಚಂದ್ರಕ್ಕ ಬೋನಿನಲ್ಲಿ ಹಳಸಿದ ಮೀನಿಟ್ಟಳು. ಬೆಕ್ಕುಗಳು ಕರೆಯದ ಮದುವೆಯ ಮುಂದೆ ಕೂತ ನೆಂಟರಂತೆ ದೂರ ಕೂತವು. "ಗಿರಾಕಿ ಮಾಲೇ ಬೇಕೇನ್ರೋ ನಿಮಗೆ?" ಎಂದು ಒಳ್ಳೆ ಸೀಗಡಿ ಇಟ್ಟಳು. ಬಾಗಿಲು ಬಿತ್ತು. ಹೀಗೆ ಒಂದೊಂದಾಗಿ ಹೋಗಿ, ಗಾಯ ಮಾಯ್ದ ಮೇಲೆ ಒಂದೊಂದಾಗಿ ಮರಳಿದವು. ಒಂದಕ್ಕೂ ಎಡಗಿವಿಯ ತುದಿ ಇರಲಿಲ್ಲ.

ಅದನ್ನು ಮೊದಲು ಕಂಡವಳು ಮೀನಾಕ್ಷಮ್ಮ. ಕಂಡವಳೇ ಕೈ ಮುಗಿದಳು. ಆ ಬೀದಿಯವರು ದೇವಿಗೆ ಹರಕೆ ಹೊತ್ತರೆ ಆಡಿನ ಮರಿಯ ಕಿವಿ ಚೂರು ಕತ್ತರಿಸಿ ಬಿಡುತ್ತಾರೆ. ಆಮೇಲೆ ಅದು ಯಾರ ಹೊಲ ಮೇಯ್ದರೂ ಹೊಡೆಯುವಂತಿಲ್ಲ.

"ಅಮ್ಮಂಗೆ ಬಿಟ್ಯಾ ಚಂದ್ರಕ್ಕ?"

ಚಂದ್ರಕ್ಕನ ಬಾಯಲ್ಲಿ ಎಲೆಅಡಿಕೆ ಇತ್ತು. ಉಗುಳಿ ಉತ್ತರ ಕೊಡುವಷ್ಟರಲ್ಲಿ ಮೀನಾಕ್ಷಮ್ಮ ಹಾಲು ತರಲು ಹೋಗಿದ್ದಳು. ವಾರ ಕಳೆಯುವುದರೊಳಗೆ ಮನೆಮನೆಯ ಹೊಸ್ತಿಲಲ್ಲೂ ಬಟ್ಟಲು ಬಂತು. "ಮತ್ತೆ ಬಲಿ ಕೊಟ್ಟು ಪರ ಮಾಡೋದು ಯಾವಾಗ? ಬೆಕ್ಕಿನ ಸಾರಿಗೆ ಯಾರ್ಯಾರನ್ನ ಕರೀತೀಯಾ?" ಎಂದು ಪೋಲಿ ಹುಡುಗರು ರೇಗಿಸಿದರು. "ನಿಮ್ಮನ್ನೇ ಕರೀತೀನಿ, ಬೋನು ಖಾಲಿ ಐತೆ," ಎಂದಳು.

ಉಳಿದದ್ದು ಮೈತುಂಬ ಮಚ್ಚೆಯ, ಹಂಡಬಂಡಿ ಬಣ್ಣದ ಒಂದು ಹೆಣ್ಣು. ಅದು ಬೋನಿನ ಸುತ್ತ ಪ್ರದಕ್ಷಿಣೆ ಹಾಕಿ ಹೋಗುತ್ತಿತ್ತೇ ಹೊರತು ಒಳಗೆ ಕಾಲಿಡಲಿಲ್ಲ. ಅಮಾವಾಸ್ಯೆಯ ಮರುದಿನ ಅದು ಮುದ್ದಣ್ಣನ ಗೋಣಿಚೀಲದಲ್ಲಿ ಒದ್ದಾಡುತ್ತಿತ್ತು. ಅವನ ಮುಂಗೈ ಪರಚಿಹೋಗಿತ್ತು.

"ಇದರ ಕಿವಿ ನೆಟ್ಟಗೈತೆ. ಅಮ್ಮಂದಲ್ಲ. ಮುಂದಿನ ಸಲ ಇದು ಕೂಗಿದ್ರೆ ಊರಿನ ಗಂಡೆಲ್ಲ ನನ್ನ ತಾರಸಿಗೇ ಬರ್ತವೆ," ಎಂದು ಚೀಲವನ್ನು ಮೊಪೆಡ್ಡಿಗೆ ಏರಿಸಿದ.

ಅದೂ ಹರಕೆಯದೇ, ಕಿವಿ ಕತ್ತರಿಸುವುದೊಂದು ಬಾಕಿ ಎಂದರೆ ಮುಗಿಯುತ್ತಿತ್ತು. ಚಂದ್ರಕ್ಕ ಬಾಯಿ ತೆರೆದಳು. ತಕ್ಕಡಿಯ ಮೇಲೆ ಹೆಬ್ಬೆರಳು ಒತ್ತಲು ಎಂದೂ ಅಂಜದವಳಿಗೆ ಅಮ್ಮನ ಹೆಸರಿನಲ್ಲಿ ಸುಳ್ಳು ಹೊರಡಲಿಲ್ಲ.

"ಮುದ್ದಣ್ಣ, ಯಾವುದೂ ಅಮ್ಮಂದಲ್ಲ. ಕಿವಿ ಕತ್ತರಿಸಿರೋದಕ್ಕೆಲ್ಲ ಮಕ್ಕಳಾಗದ ಆಪರೇಷನ್ ಆಗೈತೆ. ಆಗಿರೋದಕ್ಕೇ ಇನ್ನೊಂದ್ಸಲ ಕೊಯ್ಬಾರ್ದು ಅಂತ ಡಾಕ್ಟ್ರು ಕಿವಿ ಗುರುತು ಮಾಡ್ತಾರೆ. ಬೇಕಾದ್ರೆ ಎಲ್ಲಾನೂ ಒಯ್ಯಿರಿ. ನಾನು ಇನ್ನೇನು ಹೇಳ್ಲಿ?"

ಬಾಗಿಲಲ್ಲಿ ಬಟ್ಟಲು ಹಿಡಿದಿದ್ದ ಮೀನಾಕ್ಷಮ್ಮ ಹೊಸ್ತಿಲಿಗೆ ಬಗ್ಗಿದಳು. "ಆ ಡಾಕ್ಟ್ರಿಗೆ ಬುದ್ಧಿ ಕೊಟ್ಟೋಳ್ಯಾರು? ಅಮ್ಮನೇ," ಎಂದು ಹಾಲು ಇಟ್ಟಳು.

ಮುದ್ದಣ್ಣನಿಗೆ ಅದೆಲ್ಲ ಬೇಕಿರಲಿಲ್ಲ. "ಅಂದ್ರೆ ಇಷ್ಟು ದಿನ ತಾರಸಿ ತಣ್ಣಗಿದ್ದಿದ್ದು ಆಪರೇಷನ್ನಿಂದಾ?"

"ಹೂಂ."

"ಮೊದ್ಲೇ ಬೊಗಳಕ್ಕೆ ಏನಾಗಿತ್ತು? ಗಾಡಿ ಹತ್ತು, ಹೋಗಾಣ."

"ಹೊಳೆಗಾ?"

"ಡಾಕ್ಟ್ರ ಹತ್ರ ಕಣವ್ವಾ!"

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಬೆಕ್ಕನ್ನೂ ಮುದ್ದಣ್ಣನನ್ನೂ ಸಮನಾಗಿ ಬೈಯುತ್ತ ಚಂದ್ರಕ್ಕ ಹೋದಳು. ಆಪರೇಷನ್ ಮುಗಿಸಿ ಕೈ ತೊಳೆದ ತೇಜಸ್ವಿನಿ ಮುದ್ದಣ್ಣನ ಮುಂಗೈ ನೋಡಿ, "ಪರಚಿದೆಯಲ್ಲಾ? ಇವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗೊಳ್ಳಿ," ಎಂದಳು.

"ಹಂಗೇ ಕಿವಿನೂ ಕತ್ತರಿಸ್ಕೊಂಡು ಬರ್ರಿ ಅಣ್ಣ," ಎಂದಳು ಚಂದ್ರಕ್ಕ. "ಇನ್ನೊಬ್ರು ಮತ್ತೆ ಚುಚ್ಚದಂಗೆ."

ಮುದ್ದಣ್ಣ ಬೈಯಲು ಬಾಯಿ ತೆರೆದ. ಮೇಜಿನ ಮೇಲೆ ಹಂಡಬಂಡಿ ಇನ್ನೂ ಮತ್ತಿನಲ್ಲಿ ನಾಲಿಗೆ ಚಾಚಿ ಮಲಗಿತ್ತು.

"ಮೆಲ್ಲಗೆ," ಎಂದಳು ತೇಜಸ್ವಿನಿ.

ಅವನು ಮೆಲ್ಲಗೆ ಬೈದ.