ಮಳೆಯಲ್ಲಿ ಅರ್ಧ ಕೊಯ್ದ ಹುಲ್ಲು

ಕಾರ್ಖಾನೆಯಲ್ಲಿ ಸ್ವಯಂನಿವೃತ್ತಿಯ ಕಾಗದಕ್ಕೆ ಸಹಿ ಹಾಕಿ ಬಂದ ಮೇಲೆ ನನ್ನ ಗಂಡ ಕ್ವಾರ್ಟರ್ಸಿನ ವರಾಂಡದಲ್ಲಿ ಕೂತುಬಿಟ್ಟರು. ಹೈದರಾಬಾದಿನ ತುಂಬ ಆಗ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಲೇತ್ ಮಷೀನಿನ ಮುಂದೆ ಇಪ್ಪತ್ತು ವರ್ಷ ನಿಂತ ಮನುಷ್ಯ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ನಾಲ್ಕು ಕಡೆ ಅರ್ಜಿ ಹಾಕಿದರು, ಆಮೇಲೆ ಅದನ್ನೂ ಬಿಟ್ಟರು.

ಮನೆ ಮುಂದಿನ ಹುಲ್ಲು ಅವರೇ ಬೆಳೆಸಿದ್ದು. ಮೊದಲೆಲ್ಲ ಭಾನುವಾರ ಬಂದರೆ ಕೈಯಲ್ಲಿ ತಳ್ಳುವ ಮಷೀನಿನಿಂದ ಚೊಕ್ಕಟವಾಗಿ ಕತ್ತರಿಸುತ್ತಿದ್ದರು. ಆ ವರ್ಷ ಮುಟ್ಟಲಿಲ್ಲ. ಮಳೆ ಹಿಡಿದದ್ದೇ ಹುಲ್ಲು ಮೊಣಕಾಲಿಗೆ ಬಂತು. "ಹಾವು ಸೇರ್ಕೊಂತಾವ್ರಿ, ಒಮ್ಮೆ ಕೊಯ್ರಿ" ಅಂದರೆ ಕೇಳಿಸದವರಂತೆ ಇರುತ್ತಿದ್ದರು.

ಅಷ್ಟರಲ್ಲಿ ಮನೆ ಖಾಲಿ ಮಾಡಲು ನೋಟಿಸು ಬಂತು. ಮನೆ, ಅಂಗಳ ಎರಡನ್ನೂ ಚೊಕ್ಕಟ ಮಾಡಿ ಒಪ್ಪಿಸಬೇಕು, ಸೋಮವಾರ ತಪಾಸಣೆ ಎಂದು ಬರೆದಿತ್ತು. ಅವರು ಎರಡು ಸಲ ಓದಿದರು. ಭಾನುವಾರ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಜಿಟಿಜಿಟಿ ಮಳೆಯಲ್ಲೇ ನಿಂತು ಮಷೀನಿಗೆ ಎಣ್ಣೆ ಬಿಡುತ್ತಿದ್ದರು.

ನಾನು ಬೈಯಲಿಲ್ಲ. ಅಂತೂ ಎದ್ದರಲ್ಲ ಎಂದು ಖುಷಿಯಾಗಿ ಚಹಾಕ್ಕೆ ಶುಂಠಿ ಜಜ್ಜಿ ಹಾಕಿದೆ.

ಒದ್ದೆ ಹುಲ್ಲು ಬ್ಲೇಡಿಗೆ ಸುತ್ತಿಕೊಳ್ಳುತ್ತಿತ್ತು. ಎರಡು ಹೆಜ್ಜೆ ತಳ್ಳುವುದು, ಮಷೀನು ಮಗುಚಿ ಕಡ್ಡಿಯಿಂದ ಹುಲ್ಲು ಕೀಳುವುದು, ಮತ್ತೆ ಎರಡು ಹೆಜ್ಜೆ. ಗಾಲಿ ಕೆಸರಿನಲ್ಲಿ ಹೂತಿತು. ಮಷೀನು ಹೋದ ಜಾಗದಲ್ಲೂ ಹುಲ್ಲು ಮಲಗಿ, ಸ್ವಲ್ಪ ಹೊತ್ತಿಗೆ ಮತ್ತೆ ತಲೆ ಎತ್ತುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಾನೂ ಸೀರೆ ಎತ್ತಿ ಕಟ್ಟಿ ಕುಡಗೋಲು ಹಿಡಿದು ಇಳಿದೆ.

"ನಿನಗ್ಯಾಕ ಇದು? ಒಳಗ ಹೋಗು" ಅಂದರು.

"ಇಬ್ರೂ ಮಾಡಿದ್ರ ಲಗೂನ ಆಕ್ಕೈತಿ."

"ಎಡಕ್ಕ ಕೊಯ್ಕೋಂತ ಬಾ. ಬುಡಕ್ಕ ಹಿಡಿ, ಬುಡಕ್ಕ."

ಎಷ್ಟೋ ತಿಂಗಳ ಮೇಲೆ ಅವರು ನನ್ನ ತಪ್ಪು ತಿದ್ದಿದ್ದರು. ಅದೇ ದೊಡ್ಡದೆನಿಸಿತು. ಸಂಜೆಗೆ ಅರ್ಧ ಮುಗಿಯಿತು. ಬೊಬ್ಬೆಯೆದ್ದ ಅವರ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿದೆ. "ನಸಿಕಿನ್ಯಾಗ ಎದ್ರ ಉಳಿದದ್ದೂ ಆಗ್ತೈತಿ" ಅಂದರು.

ಸೋಮವಾರ ಒಂಬತ್ತಕ್ಕೆ ಕೊಡೆ ಹಿಡಿದು ತಪಾಸಣೆಯ ಸಾಹೇಬ ಬಂದ. ನಾವಿಬ್ಬರೂ ಕೆಸರಲ್ಲಿದ್ದೆವು. ಅವನು ಗೇಟಿನಲ್ಲೇ ನಿಂತು ನಕ್ಕ. "ಅರೆ ಭಾಯ್, ಕಾಯ್ಕು ಕಾಟ್ ರಹೇ?" ಯಾಕೆ ಕೊಯ್ಯುತ್ತೀರಿ, ಈ ಸಾಲಿನ ಮನೆಗಳನ್ನೆಲ್ಲ ಕೆಡವುತ್ತಾರೆ, ಸಾಫ್ಟ್‌ವೇರ್ ಆಫೀಸು ಬರುತ್ತದೆ, ಹುಲ್ಲನ್ನು ಯಾರು ನೋಡುತ್ತಾರೆ ಎಂದು ಹಿಂದಿಯಲ್ಲೇ ಹೇಳಿದ. ಒಳ್ಳೆಯ ಮಾತಿನಿಂದಲೇ ಹೇಳಿದ. ಬಾಗಿಲಿಗೆ ಸೀಮೆಸುಣ್ಣದಲ್ಲೊಂದು ಗುರುತು ಹಾಕಿ ಹೋದ.

ನನ್ನ ಗಂಡ ಮಷೀನಿನ ಹಿಡಿಕೆ ಬಿಟ್ಟರು. ಅದು ಹುಲ್ಲಿನಲ್ಲಿ ಅಡ್ಡಬಿತ್ತು.

"ಇರಲಿ ಬಿಡ್ರಿ, ಶುರು ಮಾಡೇವಿ, ಮುಗಿಸೇ ಬಿಡೂಣು" ಅಂದೆ.

"ಯಾರಿಗೆ?" ಅಂದರು.

ಅವರು ಕೈಕಾಲು ತೊಳೆಯದೆ ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ಕೊಯ್ದು ಗುಡ್ಡೆ ಹಾಕಿದ ಹುಲ್ಲು ಎರಡೇ ದಿನಕ್ಕೆ ಕೊಳೆತು ನಾರಿತು.

ಆ ವಾರವೇ ಕಾರ್ಖಾನೆಗಳಿರುವ ಜೀಡಿಮೆಟ್ಲಾ ಬಡಾವಣೆಯ ಒಂದು ಕೋಣೆಗೆ ಬಂದೆವು. ನಾನು ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕು ಮಾಡುವ ಕೆಲಸಕ್ಕೆ ಸೇರಿದೆ. ಅವರು ಮತ್ತೆ ಯಾವ ಕೆಲಸಕ್ಕೂ ಏಳಲಿಲ್ಲ. ನಾನೂ ಮತ್ತೆ ಏಳಿ ಅನ್ನಲಿಲ್ಲ.