ಯಾವ ಬಂಕಿನಲ್ಲಾದರೂ

ಫಿಲ್ಟರಿನ ಗಾಜಿನ ಬಟ್ಟಲಿನಲ್ಲಿದ್ದ ಇಂಧನ ಕಿತ್ತಳೆ ಬಣ್ಣಕ್ಕಿತ್ತು. ಅದು ನೀರಿನಷ್ಟು ತಿಳಿಯಾಗಿರಬೇಕಿತ್ತು.

ಇದು 2003ರ ಮಾತು. ಎಂ.ಟೆಕ್ ಮುಗಿಸಿ ಚಾಮರಾಜಪೇಟೆಯ ಸಣ್ಣ ಖಾಸಗಿ ಸಂಶೋಧನಾ ಕೇಂದ್ರವೊಂದಕ್ಕೆ ಎಂಜಿನಿಯರ್ ಆಗಿ ಸೇರಿದ ನನಗೆ ಅದು ಎರಡನೆಯ ವರ್ಷ. ಹಳೆಯ ವ್ಯಾನೊಂದಕ್ಕೆ ನಾವು ಫ್ಯುಯೆಲ್ ಸೆಲ್ ಕೂರಿಸಿದ್ದೆವು. ಅದು ಹೈಡ್ರೋಜನ್‌ನಿಂದ ವಿದ್ಯುತ್ ಉತ್ಪಾದಿಸಿ ಮೋಟಾರನ್ನು ತಿರುಗಿಸುತ್ತದೆ. ಹೈಡ್ರೋಜನ್ ತುಂಬಿಸುವ ಪಂಪು ಊರಿನಲ್ಲೆಲ್ಲೂ ಇರಲಿಲ್ಲ. ಹಾಗಾಗಿ ಪೆಟ್ರೋಲನ್ನು ವ್ಯಾನಿನೊಳಗೇ ಒಡೆದು ಹೈಡ್ರೋಜನ್ ತೆಗೆಯುವ ರಿಫಾರ್ಮರ್ ಎಂಬ ಪೆಟ್ಟಿಗೆಯನ್ನು ಹಿಂದಿನ ಸೀಟಿನ ಜಾಗದಲ್ಲಿಟ್ಟಿದ್ದೆವು. ಬಂಕಿನ ಕಿತ್ತಳೆ ಬಣ್ಣದ ಪೆಟ್ರೋಲಿನಲ್ಲಿರುವ ಗಂಧಕ ರಿಫಾರ್ಮರಿನ ಕ್ಯಾಟಲಿಸ್ಟನ್ನು, ಎಂದರೆ ಆ ಕ್ರಿಯೆಯನ್ನು ನಡೆಸುವ ಲೋಹದ ಲೇಪವನ್ನು, ಕೆಡಿಸುತ್ತದೆ. ಆದ್ದರಿಂದ ಗಂಧಕ ತೆಗೆದ, ಬಣ್ಣವಿಲ್ಲದ ಇಂಧನವನ್ನು ತರಿಸಿ ನಾನೇ ತುಂಬುತ್ತಿದ್ದೆ.

ಆಯುಧಪೂಜೆಯ ರಜೆ ಮುಗಿದ ದಿನ, ಹಣ ಕೊಡುವ ಸಮಿತಿಯ ಇಬ್ಬರು ಪ್ರದರ್ಶನಕ್ಕೆ ಬಂದರು. ರಿಫಾರ್ಮರ್ ಕಾಯಲು ಇಪ್ಪತ್ತು ನಿಮಿಷ ಬೇಕು. ಕಾದಿತು, ವ್ಯಾನು ಹೊರಟಿತು. ಗಾಂಧಿಬಜಾರಿನ ಹತ್ತಿರ ವೋಲ್ಟೇಜ್ ಇಳಿಯತೊಡಗಿ ಬಂಡಿ ನಿಂತೇಬಿಟ್ಟಿತು. ಹಿಂದಿದ್ದ ಆಟೋದವನು ತಲೆ ಹೊರಗೆ ಹಾಕಿದ.

“ಏನ್ ಗುರು, ಪೆಟ್ರೋಲ್ ಖಾಲಿನಾ?”

“ಫುಲ್ ಟ್ಯಾಂಕ್ ಇದೆ, ಹೋಗಪ್ಪ,” ಎಂದರು ನಮ್ಮ ಡ್ರೈವರ್ ನಂಜುಂಡಪ್ಪ.

ರಜೆಗೆ ಮುಂಚೆ ನಾನು ನೋಡಿದಾಗ ಟ್ಯಾಂಕು ಅರ್ಧವೂ ಇರಲಿಲ್ಲ. ಆ ಮಾತು ಕೇಳಿದ ಮೇಲೆಯೇ ಹಿಂಬಾಗಿಲು ತೆಗೆದು ಫಿಲ್ಟರ್ ನೋಡಿದ್ದು.

“ಬೆಳಗ್ಗೆ ನೀವು ಬರೋಕೆ ಮುಂಚೆ ಬಂಕಿಗೆ ಹೋಗಿ ಬಂದೆ ಮೇಡಂ,” ಎಂದರು. “ಪೂಜೆ ಆದ ಗಾಡಿ. ಮೊದಲನೇ ಸಲ ಹೊರಡೋವಾಗ ಖಾಲಿ ಹೊಟ್ಟೇಲಿ ಕಳಿಸ್ಬಾರ್ದಲ್ವಾ?”

ಶ್ರೀರಾಂಪುರದ ನಂಜುಂಡಪ್ಪ ನಾಲ್ಕು ವರ್ಷಗಳಿಂದ ಹಂಗಾಮಿಯಾಗಿದ್ದವರು. ಆ ವರ್ಷ ಕೆಲಸ ಖಾಯಂ ಆಗುವುದಿತ್ತು. ವ್ಯಾನನ್ನು ತಳ್ಳಿಸಿಕೊಂಡು ಬಂದ ಮೇಲೆ ಕೇಂದ್ರದ ನಿರ್ದೇಶಕರು ಅವರನ್ನೂ ನನ್ನನ್ನೂ ಒಳಗೆ ಕರೆದರು.

“ಕ್ಯಾಟಲಿಸ್ಟ್ ಹೋಯ್ತು, ಮರ್ಯಾದೆನೂ ಹೋಯ್ತು. ನಾಳೆಯಿಂದ ಬರೋದು ಬೇಡ ನಂಜುಂಡಪ್ಪ.”

ನಂಜುಂಡಪ್ಪ ವ್ಯಾನಿನ ಕೀಲಿಯನ್ನು ಮೇಜಿನ ಮೇಲಿಟ್ಟರು. “ನೀವೇ ಹೇಳ್ತಿದ್ರಲ್ಲ ಸರ್, ಬಂದೋರಿಗೆಲ್ಲ. ಯಾವ ಬಂಕಲ್ಲಾದ್ರೂ ಹಾಕಿಸ್ಬೋದು, ಅದೇ ಈ ಗಾಡಿ ವಿಶೇಷ ಅಂತ.”

ಅವರು ಹೊರಗೆ ಹೋದರು. ನಾನು ಕಚೇರಿಯಲ್ಲಿ ಎದುರು ಮಾತಾಡುವವಳಲ್ಲ. ಆ ದಿನ ಬಾಗಿಲು ಹಾಕಿ ಬಂದು ನಿಂತೆ.

“ಬಂಕಿನ ಪೆಟ್ರೋಲ್ ಆಗಲ್ಲ ಅಂತ ಅವರಿಗೆ ನಾವ್ಯಾರೂ ಹೇಳಿಲ್ಲ ಸರ್. ಸಮಿತಿಯವರಿಗೂ ಹೇಳಿಲ್ಲ.”

ನಿರ್ದೇಶಕರು ಫೋನಿನ ಕಡೆ ಕೈ ತೋರಿಸಿದರು. “ಸಮಿತಿಯವರಿಗೆ ಈಗ ಏನಂತ ಹೇಳ್ಲಿ?”

“ಆಗಿದ್ದನ್ನೇ ಹೇಳಿ ಸರ್.”

ನಿರ್ದೇಶಕರು ಫೋನ್ ಎತ್ತಿಕೊಂಡು, “ನಾಳೆ ಕೆಲಸಕ್ಕೆ ಬರಕ್ಕೆ ಹೇಳಿ ನಂಜುಂಡಪ್ಪನವರಿಗೆ,” ಎಂದರು.

ಹೊಸ ಯಂತ್ರವೊಂದು ಪ್ರಯೋಗಶಾಲೆಯಲ್ಲಿ ಗೆದ್ದಾಗ ನಾವು ಹಿಗ್ಗುತ್ತೇವೆ. ಅದರ ಬಗ್ಗೆ ನಾವಾಡಿದ ಮಾತನ್ನು ಯಾರಾದರೂ ನಂಬಿ ಬಳಸಿದಾಗಲೇ ಅದರ ಪರೀಕ್ಷೆ ಎಂದು ಈ ಕೆಲಸ ನನಗೆ ಕಲಿಸಿತು. ನಮ್ಮನ್ನು ನಂಬಿದ ಮೊದಲ ಗ್ರಾಹಕ ನಂಜುಂಡಪ್ಪನವರು.

ಮರುದಿನ ಬೆಳಿಗ್ಗೆ ಅವರ ಜೊತೆ ಅದೇ ಬಂಕಿಗೆ ನಡೆದುಹೋಗಿ ಕ್ಯಾನಿನಲ್ಲಿ ಐದು ಲೀಟರ್ ಪೆಟ್ರೋಲ್ ತಂದೆ. ರಿಫಾರ್ಮರಿಗೆ ಹೋಗುವ ಮೊದಲೇ ಗಂಧಕವನ್ನು ಹಿಡಿದಿಡುವ ಹೊಸ ಫಿಲ್ಟರೊಂದನ್ನು ಮಾಡುವ ಕೆಲಸವನ್ನು ಆ ಪೆಟ್ರೋಲಿನಿಂದ ಶುರುಮಾಡಿದೆ.